ಗೋಬರ್ ಗ್ಯಾಸ್ ಬಗ್ಗಡದ ಸತ್ವ ಸೋರುವುದು ಎಲ್ಲಿ?

ಮಂಡ್ಯ ಸೀಮೆಯಲ್ಲಿ ಗೋಬರ್ ಗ್ಯಾಸ್ ಮಾತು ತೆಗೆದರೆ ಎರಡು ಥರದ ಜನ ಸಿಗುತ್ತಾರೆ. "ಗ್ಯಾಸೆಲ್ಲಾ ಎಳ್ಕೊಂಡ ಮೇಲೆ ಸಗಣೀಲಿ ಇನ್ನೇನು ಉಳೀತದೆ, ಬರೀ ಚರಟ" ಅನ್ನುವವರು ಒಂದು ಕಡೆ. "ಬಗ್ಗಡ ಬಿಟ್ಟು ನೋಡಿ, ಪೈರು ಕರ್ರಗಾಗ್ತದೆ" ಅನ್ನುವವರು ಇನ್ನೊಂದು ಕಡೆ. ಬಗ್ಗಡ ಅಂದರೆ ಗ್ಯಾಸ್ ಕೊಟ್ಟ ಮೇಲೆ ತೊಟ್ಟಿಯಿಂದ ಹೊರಬರುವ ಸಗಣಿ ನೀರು. ಮೊದಲನೆಯವರ ಮಾತು ತಪ್ಪು. ಎರಡನೆಯವರ ಮಾತು ನಿಜ, ಆದರೆ ತೊಟ್ಟಿಯ ಬಾಯಿಂದ ಪೈರಿನ ಬೇರಿನ ತನಕ ಆ ಸತ್ವ ಉಳಿದಿದ್ದರೆ ಮಾತ್ರ. ಬಹಳ ಮನೆಗಳಲ್ಲಿ ಅದು ದಾರಿಯಲ್ಲೇ ಅರ್ಧ ಮುಗಿದುಹೋಗುತ್ತದೆ. ಯಾಕೆ ಹೀಗಾಗುತ್ತದೆ, ಎಲ್ಲೆಲ್ಲಿ ಆಗುತ್ತದೆ ಅನ್ನುವುದನ್ನು ಗೊತ್ತು ಮಾಡಿಕೊಂಡರೆ ತಡೆಯುವುದು ಅಂಥ ಕಷ್ಟದ ಕೆಲಸವಲ್ಲ.

ಮೊದಲು ತೊಟ್ಟಿಯೊಳಗೆ ಏನಾಗುತ್ತದೆ ನೋಡೋಣ. ನಾಲ್ಕು ರಾಸು ಇರುವ ಮನೆಯಲ್ಲಿ ದಿನಕ್ಕೆ ಸುಮಾರು 50 ಕೆಜಿ ಸಗಣಿ ಸಿಗುತ್ತದೆ. ಅದಕ್ಕೆ ಅಷ್ಟೇ ನೀರು ಕಲಸಿ ಬಿಟ್ಟರೆ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಅನ್ನುವ ಮಾದರಿಯ ತೊಟ್ಟಿ ನಡೆಯುತ್ತದೆ. ಇವತ್ತು ಹಾಕಿದ ಸಗಣಿ ನಮ್ಮ ಹವೆಯಲ್ಲಿ ಸುಮಾರು 40 ದಿನ ಒಳಗಿರುತ್ತದೆ. ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಒಲೆಗೆ ಹೋಗುವುದು ಇವೇ. ಅಂದರೆ ಸಗಣಿಯಿಂದ ಹೊರಟು ಹೋದದ್ದು ಇಂಗಾಲ, ಜಲಜನಕ, ಆಮ್ಲಜನಕ, ಜೊತೆಗೆ ಚೂರು ಗಂಧಕ. ಬೆಳೆಗೆ ಬೇಕಾದ ಸಾರಜನಕ ಗ್ಯಾಸಿನ ಜೊತೆ ಹೋಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ರಂಜಕ, ಪೊಟ್ಯಾಷ್ ಅಂತೂ ಗ್ಯಾಸಾಗಿ ಹೋಗುವ ಮಾತೇ ಇಲ್ಲ. ಚರಟ ಅನ್ನುವವರಿಗೆ ಇಷ್ಟು ಉತ್ತರ ಸಾಕು.

ಒಳಗೆ ಇನ್ನೊಂದು ಬದಲಾವಣೆ ಆಗುತ್ತದೆ. ಇಡೀ ಕಥೆ ಇರುವುದು ಅದರಲ್ಲೇ. ಹಸಿ ಸಗಣಿಯಲ್ಲಿ ಸಾರಜನಕ ಬಹುಪಾಲು ನಾರಿನಲ್ಲಿ, ಜೀವಕೋಶಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಅದು ಮಣ್ಣಲ್ಲಿ ಕೊಳೆತು ಬಿಡುಗಡೆಯಾಗಲು ತಿಂಗಳುಗಳೇ ಬೇಕು. ತೊಟ್ಟಿಯೊಳಗಿನ ಜೀವಿಗಳು ಅದರಲ್ಲಿ ಒಂದು ಪಾಲನ್ನು ಒಡೆದು ಅಮೋನಿಯಂ ಮಾಡುತ್ತವೆ. ಬರೀ ಸಗಣಿಯಾದರೆ ಒಟ್ಟು ಸಾರಜನಕದ ಸುಮಾರು ಕಾಲು ಭಾಗ ಈ ರೂಪಕ್ಕೆ ಬರುತ್ತದೆ. ಗಂಜಲವೂ ಸೇರಿದ್ದರೆ ಅರ್ಧದ ತನಕ ಹೋಗಬಹುದು. ಅಮೋನಿಯಂ ಅಂದರೆ ಬೇರು ನೇರವಾಗಿ ಕುಡಿಯುವ ಆಹಾರ. ಪೈರು ಬೇಗ ಕರ್ರಗಾಗುವುದು ಅದಕ್ಕೇ. ತಮಾಷೆ ಏನೆಂದರೆ, ಬೇರಿಗೆ ಸುಲಭವಾಗಿ ಸಿಗುವ ಈ ರೂಪವೇ ಗಾಳಿಗೂ ಸುಲಭವಾಗಿ ಸಿಗುವುದು. ತಿಪ್ಪೆ ಗೊಬ್ಬರಕ್ಕಿಂತ ಬಗ್ಗಡವನ್ನು ಹೆಚ್ಚು ಹುಷಾರಾಗಿ ನೋಡಿಕೊಳ್ಳಬೇಕು ಅನ್ನುವುದು ಈ ಕಾರಣಕ್ಕೆ.

ಗಾಳಿಗೆ ಹೋಗುವ ಪಾಲು

ಅಮೋನಿಯಂ ನೀರಲ್ಲಿ ಕರಗಿರುವ ತನಕ ಎಲ್ಲಿಗೂ ಹೋಗುವುದಿಲ್ಲ. ಅದು ಅಮೋನಿಯಾ ಅನ್ನುವ ಅನಿಲವಾಗಿ ತಿರುಗಿದರೆ ಹಾರಿಹೋಗುತ್ತದೆ. ಎಷ್ಟು ಪಾಲು ತಿರುಗುತ್ತದೆ ಅನ್ನುವುದನ್ನು ಮುಖ್ಯವಾಗಿ ಎರಡು ಸಂಗತಿ ನಿರ್ಧರಿಸುತ್ತವೆ. ಒಂದು ಪಿಎಚ್, ಅಂದರೆ ಹುಳಿ ಮತ್ತು ಕ್ಷಾರದ ಅಳತೆ. ಇನ್ನೊಂದು ಬಿಸಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ ಒಂದು ಪಾಲೂ ಅನಿಲ ರೂಪದಲ್ಲಿ ಇರುವುದಿಲ್ಲ. ಪಿಎಚ್ 8 ಆದರೆ ನೂರಕ್ಕೆ 5. ಅದೇ ಪಿಎಚ್ 8ರಲ್ಲಿ ಬಿಸಿ 35 ಡಿಗ್ರಿಗೆ ಏರಿದರೆ ನೂರಕ್ಕೆ 10. ಪಿಎಚ್ 9 ಮುಟ್ಟಿದರೆ 25 ಡಿಗ್ರಿಯಲ್ಲೇ ಮೂರನೇ ಒಂದು ಭಾಗ ದಾಟುತ್ತದೆ. ಐದೋ ಹತ್ತೋ ತಾನೆ ಅಂತ ಸುಮ್ನೆ ಬಿಡುವ ಹಾಗಿಲ್ಲ. ಗಾಳಿ ಆ ಐದನ್ನು ಹೊತ್ತೊಯ್ದ ಕೂಡಲೇ ಮತ್ತೆ ಐದು ತಯಾರಾಗುತ್ತದೆ. ಬಗ್ಗಡ ಕೂಡಿಡುವ ಬಾಯಿ ತೆರೆದ ಗುಂಡಿಯಲ್ಲಿ ಈ ಕೆಲಸ ಹಗಲೂ ರಾತ್ರಿ ನಡೆಯುತ್ತಲೇ ಇರುತ್ತದೆ.

ತೊಟ್ಟಿಯ ಒಳಗಿದ್ದಾಗ ಬಗ್ಗಡದ ಪಿಎಚ್ ಸಾಮಾನ್ಯವಾಗಿ 7ರ ಮೇಲೆ ಸ್ವಲ್ಪ ಇರುತ್ತದೆ. ಹೊರಗೆ ಬಂದ ಮೇಲೆ ಅದು ಏರತೊಡಗುತ್ತದೆ. ಹೊರಬಾಯಿ ಹತ್ತಿರ ಕೂತು ನೋಡಿದರೆ ಬಗ್ಗಡದ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುವುದು ಕಾಣುತ್ತದೆ. ಗೋಲಿ ಸೋಡಾ ಒಡೆದಾಗ ಬುಸ್ ಅಂತ ಹೋಗುವುದೂ ಇದೇ ಇಂಗಾಲದ ಡೈಆಕ್ಸೈಡ್. ಗ್ಯಾಸ್ ಹೋದ ಸೋಡಾ ಸಪ್ಪೆಯಾಗುವ ಹಾಗೆ, ಈ ಅನಿಲ ಬಿಟ್ಟುಹೋದ ಬಗ್ಗಡದ ಹುಳಿ ಅಂಶ ಇಳಿಯುತ್ತದೆ, ಕ್ಷಾರ ಏರುತ್ತದೆ. ಪಿಎಚ್ 8ರ ಕಡೆ ಸರಿಯುತ್ತದೆ. ಅಲ್ಲಿಂದ ಅಮೋನಿಯಾಕ್ಕೆ ದಾರಿ ಸಲೀಸು. ಕೋಲು ಹಾಕಿ ಕಲಕಿದಷ್ಟೂ, ಮೇಲಿಂದ ಸುರಿದಷ್ಟೂ ಇದು ಜೋರಾಗುತ್ತದೆ.

ಹಾಗಾಗಿ ಗುಂಡಿಯ ಮೇಲೆ ಕಟ್ಟುವ ಕೆನೆಯನ್ನು ಕೆದಕಬೇಡಿ. ಹುಲ್ಲಿನ ನಾರು ತೇಲಿಬಂದು ಒಂದೆರಡು ದಿನದಲ್ಲಿ ಹಪ್ಪಳದಂಥ ಪದರ ಆಗುತ್ತದಲ್ಲ, ಅದು ಪುಕ್ಕಟೆ ಮುಚ್ಚಳ. ಬಗ್ಗಡ ಎತ್ತುವ ದಿನ ಮಾತ್ರ ಒಡೆಯಿರಿ. ಹೊಸ ಬಗ್ಗಡ ಆ ಕೆನೆಯ ಕೆಳಗೆ ಹೋಗಿ ಸೇರುವ ಹಾಗೆ ಪೈಪನ್ನು ಗುಂಡಿಯ ತಳದ ಕಡೆ ಇಳಿಸಿದರೆ ಇನ್ನೂ ವಾಸಿ. ಮೇಲೆ ತೆಂಗಿನ ಗರಿ ಹೆಣೆದ ಚಪ್ಪರವಾದರೂ ಸರಿ, ನೆರಳು ಬೇಕೇ ಬೇಕು. ಬಿಸಿಲು ತಪ್ಪಿದರೆ ಬಿಸಿ ತಗ್ಗುತ್ತದೆ, ಗಾಳಿ ಹೊಡೆತವೂ ತಗ್ಗುತ್ತದೆ.

ಇಲ್ಲಿ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ವಾಸನೆ ಬರುತ್ತದೆ, ನೊಣ ಕೂರುತ್ತದೆ ಅಂತ ಗುಂಡಿಗೆ ಸುಣ್ಣ ಚೆಲ್ಲುವವರಿದ್ದಾರೆ. ಒಲೆ ಬೂದಿ, ಆಲೆಮನೆ ಬೂದಿಯನ್ನು ತಂದು ಸುರಿಯುವವರೂ ಇದ್ದಾರೆ. ಸುಣ್ಣವೂ ಬೂದಿಯೂ ಕ್ಷಾರ. ಹಾಕಿದ ಕೂಡಲೇ ಪಿಎಚ್ ಮೇಲೇರಿ ಅಮೋನಿಯಾ ಘಮ್ಮಂತ ಹೊರಡುತ್ತದೆ. ಮೂಗಿಗೆ ಚುರ್ ಅಂದರೆ ಸಾರಜನಕ ಹೊರಟಿತು ಅಂತಲೇ ಲೆಕ್ಕ. ಬೂದಿಯಲ್ಲಿ ಪೊಟ್ಯಾಷ್ ಇದೆ, ಅದು ಒಳ್ಳೆಯದೇ. ಆದರೆ ಅದನ್ನು ಬೇರೆಯಾಗಿ, ಬೇರೆ ದಿನ ಹೊಲಕ್ಕೆ ಹಾಕಿ. ಗುಂಡಿಗೆ ಏನಾದರೂ ಹಾಕಲೇಬೇಕು ಅಂದರೆ ಸೂಪರ್ ಫಾಸ್ಫೇಟ್ ಹಾಕಬಹುದು. ಅದರಲ್ಲಿರುವ ಜಿಪ್ಸಂ ಮತ್ತು ಹುಳಿ ರಂಜಕ ಅಮೋನಿಯಂ ಅನ್ನು ಒಂದಷ್ಟು ಹಿಡಿದಿಡುತ್ತವೆ, ರಂಜಕ ಹೇಗೂ ಬೆಳೆಗೆ ಬೇಕು. ಡೆನ್ಮಾರ್ಕಿನಲ್ಲಿ ಬಗ್ಗಡಕ್ಕೆ ಗಂಧಕಾಮ್ಲವನ್ನೇ ಸೇರಿಸಿ ಪಿಎಚ್ ಇಳಿಸುತ್ತಾರೆ. ಅದು ಯಂತ್ರ, ರಕ್ಷಣಾ ವ್ಯವಸ್ಥೆ ಇರುವವರ ಆಟ, ನಮ್ಮ ಕೊಟ್ಟಿಗೆಗೆ ಬೇಡ. ಹುಳಿ ಮಜ್ಜಿಗೆ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗಲ್ಲ. ಪಿಎಚ್ ಅನ್ನು ಅಲುಗಾಡದ ಹಾಗೆ ಹಿಡಿದಿಡುವ ಲವಣಗಳು ಬಗ್ಗಡದಲ್ಲಿ ಜಾಸ್ತಿ. ಒಂದು ಗುಂಡಿ ಬಗ್ಗಡಕ್ಕೆ ಒಂದು ಬಿಂದಿಗೆ ಮಜ್ಜಿಗೆ ಯಾವ ಲೆಕ್ಕಕ್ಕೂ ಇಲ್ಲ.

ಒಣಗಿಸುವವರ ಕಷ್ಟ

ಬಗ್ಗಡವನ್ನು ಬಯಲಲ್ಲಿ ಹರವಿ ಒಣಗಿಸಿದರೆ ಅಮೋನಿಯಂ ರೂಪದ ಸಾರಜನಕ ಹೆಚ್ಚು ಕಡಿಮೆ ಪೂರಾ ಹೋಗುತ್ತದೆ. ಇದು ಎಲ್ಲ ಪುಸ್ತಕದಲ್ಲೂ ಇದೆ, ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ಆದರೂ ಜನ ಒಣಗಿಸುತ್ತಾರೆ. ಅವರಿಗೆ ತಿಳಿವಳಿಕೆ ಕಮ್ಮಿ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಲೆಕ್ಕ ಹಾಕಿ ನೋಡಿ, ಯಾಕೆ ಅಂತ ಗೊತ್ತಾಗುತ್ತದೆ.

ಹಸಿ ಸಗಣಿಯಲ್ಲಿ ಸಾರಜನಕ ನೂರಕ್ಕೆ 0.33ರ ಆಸುಪಾಸು ಅಂತ ಇಟ್ಟುಕೊಳ್ಳೋಣ. ದಿನಕ್ಕೆ 50 ಕೆಜಿ ಅಂದರೆ ವರ್ಷಕ್ಕೆ 18 ಟನ್ ಸಗಣಿ, ಅದರಲ್ಲಿ ಸುಮಾರು 60 ಕೆಜಿ ಸಾರಜನಕ. ಯೂರಿಯಾದ 45 ಕೆಜಿ ಚೀಲದಲ್ಲಿ ನೂರಕ್ಕೆ 46ರಂತೆ 20.7 ಕೆಜಿ ಇರುತ್ತದೆ. ಅಂದರೆ ನಾಲ್ಕು ರಾಸಿನ ಸಗಣಿಯಲ್ಲಿ ವರ್ಷಕ್ಕೆ ಮೂರು ಚೀಲ ಯೂರಿಯಾದಷ್ಟು ಸಾರಜನಕ. ಈ 60 ಕೆಜಿ ಇರುವುದು 36 ಟನ್ ನೀರು ಬಗ್ಗಡದಲ್ಲಿ! 10 ಲೀಟರ್ ಬಕೆಟ್ಟಿನಲ್ಲಿ ಸಿಗುವುದು 16 ಗ್ರಾಂ ಚಿಲ್ಲರೆ. ಒಂದು ಚೀಲ ಯೂರಿಯಾಕ್ಕೆ ಸಮ ಆಗಬೇಕಾದರೆ 1,250 ಬಕೆಟ್ ಹೊರಬೇಕು. ಹೊಲ ಮನೆ ಹಿಂದೆಯೇ ಇದ್ದರೆ ಸರಿ. ನಾಲೆಯಾಚೆ ಒಂದು ಕಿಲೋಮೀಟರ್ ದೂರ ಇದ್ದರೆ ಯಾರು ಹೊರುತ್ತಾರೆ? ಚೀಲಕ್ಕೆ 266 ರೂಪಾಯಿ 50 ಪೈಸೆಯ ಸಬ್ಸಿಡಿ ಯೂರಿಯಾದ ಎದುರು ಬಗ್ಗಡ ಹೊರುವ ಕೂಲಿ ಯಾವತ್ತೂ ಗಿಟ್ಟುವುದಿಲ್ಲ.

ಒಣಗಿಸಿದ್ದರಲ್ಲೂ ಎಲ್ಲ ಹೋಗಿರುವುದಿಲ್ಲ ಅನ್ನುವುದನ್ನೂ ಹೇಳಬೇಕು. ರಂಜಕ ಅಲ್ಲೇ ಇರುತ್ತದೆ. ಮಳೆಗೆ ಸಿಗದಿದ್ದರೆ ಪೊಟ್ಯಾಷ್ ಕೂಡ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಸಾರಜನಕವೂ, ಮಣ್ಣಿಗೆ ಬೇಕಾದ ಇಂಗಾಲವೂ ಇರುತ್ತವೆ. ನಾಗಮಂಗಲದ ಕಡೆ ಮಳೆ ನಂಬಿ ರಾಗಿ ಹಾಕುವ ಕೆಂಪು ಹೊಲಕ್ಕೆ ಅದು ಒಳ್ಳೆಯ ಗೊಬ್ಬರವೇ. ಕಳೆದದ್ದು ಬೇಗ ಸಿಗುವ ಪಾಲು. ಕಾಲು ಭಾಗ ಅಂತ ಹಿಡಿದರೂ ವರ್ಷಕ್ಕೆ ಮುಕ್ಕಾಲು ಚೀಲ ಯೂರಿಯಾದಷ್ಟು.

ಹೊರುವುದೂ ಬೇಡ, ಒಣಗಿಸುವುದೂ ಬೇಡ ಅಂದರೆ ನಡುವಿನ ದಾರಿ ಒಂದಿದೆ. ಬಗ್ಗಡವನ್ನು ಕಬ್ಬಿನ ತರಗಿಗೆ, ಅಂದರೆ ಒಣ ಸೋಗೆಗೆ, ಕುಡಿಸುವುದು. ಮಂಡ್ಯದಲ್ಲಿ ತರಗಿಗೆ ಬರವೇ? ಕಬ್ಬು ಕಡಿದ ಮೇಲೆ ಅದಕ್ಕೆ ಬೆಂಕಿ ಇಡುವವರೇ ಜಾಸ್ತಿ. ತರಗಿನಲ್ಲಿ ಇಂಗಾಲ ಬಹಳ, ಸಾರಜನಕ ಬಹಳ ಕಡಿಮೆ. ಅದನ್ನು ಕೊಳೆಸುವ ಜೀವಿಗಳು ಸಾರಜನಕಕ್ಕೆ ಬಾಯಿ ಬಿಟ್ಟುಕೊಂಡಿರುತ್ತವೆ. ಬಗ್ಗಡದ ಅಮೋನಿಯಂ ಸಿಕ್ಕ ಕೂಡಲೇ ಅದನ್ನು ತಮ್ಮ ಮೈಯೊಳಗೆ ಸೇರಿಸಿಕೊಳ್ಳುತ್ತವೆ. ಹಾರಿಹೋಗಬೇಕಾದದ್ದು ಹೀಗೆ ಗೊಬ್ಬರದಲ್ಲೇ ಉಳಿಯುತ್ತದೆ. ಗುಂಡಿಯಲ್ಲಿ ಒಂದು ಗೇಣು ತರಗು, ಅದು ನೆನೆಯುವಷ್ಟು ಬಗ್ಗಡ, ಮೇಲೆ ತೆಳ್ಳಗೆ ಮಣ್ಣು, ಮತ್ತೆ ತರಗು. ತುಂಬಿದ ಮೇಲೆ ಮಣ್ಣು ಮೆತ್ತಿ ಮುಚ್ಚುವುದು. ಬಗ್ಗಡ ಕೆಳಗೆ ಹರಿದು ನಿಲ್ಲುವಷ್ಟು ಸುರಿಯಬಾರದು. ಪದೇ ಪದೇ ತಿರುವಿ ಹಾಕಿದರೆ ಸಾರಜನಕ ಮತ್ತೆ ಗಾಳಿ ಪಾಲು.

ನೀರಿನ ಜೊತೆ ಹೋಗುವ ಪಾಲು

ಗಾಳಿಗೆ ಹೋಗುವುದು ಸಾರಜನಕ ಒಂದೇ. ನೀರಿನ ಜೊತೆ ಪೊಟ್ಯಾಷೂ ಹೋಗುತ್ತದೆ. ಬಗ್ಗಡದ ಪೊಟ್ಯಾಷ್ ಹೆಚ್ಚಾಗಿ ನೀರಲ್ಲಿ ಕರಗಿದ ರೂಪದಲ್ಲೇ ಇರುತ್ತದೆ. ಹಸ್ತ, ಚಿತ್ತಾ ಮಳೆ ಹೊಡೆದು ಗುಂಡಿ ತುಂಬಿ ಹರಿದರೆ ಮೊದಲು ಹೊರಡುವುದು ಅದೇ. ಗಾರೆ ಹಾಕದ ಮಣ್ಣು ಗುಂಡಿಯಾದರೆ ಮಳೆಯೂ ಬೇಕಿಲ್ಲ, ತಳದಿಂದಲೇ ಇಂಗುತ್ತದೆ. ಗುಂಡಿ ಪಕ್ಕದ ಬಾಳೆಗಿಡ ನೋಡಿ. ಹಿತ್ತಲಲ್ಲಿ ಬೇರೆ ಬಾಳೆಯೆಲ್ಲ ಬಡಕಲಾಗಿದ್ದರೂ ಅದೊಂದು ಮಾತ್ರ ತೊಲೆಯಂತೆ ದಪ್ಪಗಿರುತ್ತದೆ. ಹೊಲಕ್ಕೆ ಹೋಗಬೇಕಾದದ್ದನ್ನು ಅದು ತಿನ್ನುತ್ತಿದೆ ಅಷ್ಟೆ. ಬಾಳೆಗೂ ಸಿಗದಷ್ಟು ಕೆಳಗೆ ಇಳಿದದ್ದು ನೈಟ್ರೇಟ್ ಆಗಿ ಅಂತರ್ಜಲ ಸೇರುತ್ತದೆ. ಕುಡಿಯುವ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ನಮ್ಮಲ್ಲಿ ಮಿತಿ ಇದೆ. ಬೋರು, ಬಾವಿ ಪಕ್ಕ ಬಗ್ಗಡದ ಗುಂಡಿ ತೋಡಬಾರದು ಅನ್ನುವುದು ಇದಕ್ಕೇ.

ರಂಜಕದ ಸಮಸ್ಯೆ ಬೇರೆ. ಅದು ಹಾರುವುದಿಲ್ಲ, ಸುಲಭವಾಗಿ ಇಂಗುವುದೂ ಇಲ್ಲ. ಗಟ್ಟಿಯ ಜೊತೆ ತಳಕ್ಕೆ ಇಳಿದು ಕೂರುತ್ತದೆ. ಮೇಲಿನ ತಿಳಿ ಮಾತ್ರ ಹೊಲಕ್ಕೆ ಬಿಡುವವರ ಗುಂಡಿಯಲ್ಲಿ ವರ್ಷಗಟ್ಟಲೆ ರಂಜಕ ಶೇಖರವಾಗುತ್ತದೆ. ಬೇಸಿಗೆಯಲ್ಲಿ ಒಮ್ಮೆ ತಳದ ಗಸಿ ಬಾಚಿ ಹೊಲಕ್ಕೆ ಹಾಕಿದರೆ ಮುಗಿಯಿತು.

ಹೊಲ, ಗದ್ದೆಯಲ್ಲಿ

ಗುಂಡಿಯಲ್ಲಿ ಎಷ್ಟೇ ಜೋಪಾನ ಮಾಡಿದರೂ ಹೊಲದಲ್ಲಿ ಒಂದೇ ಮಧ್ಯಾಹ್ನದಲ್ಲಿ ಅದನ್ನೆಲ್ಲ ಕಳೆದುಕೊಳ್ಳಬಹುದು. ಗುಂಡಿಯಲ್ಲಿ ಗಾಳಿಗೆ ತೆರೆದುಕೊಳ್ಳುವುದು ಮೇಲ್ಮೈ ಮಾತ್ರ. ಹೊಲದಲ್ಲಿ ಹರವಿದಾಗ ಪೂರಾ ಬಗ್ಗಡವೇ ತೆಳ್ಳಗೆ ಗಾಳಿ, ಬಿಸಿಲಿಗೆ ಬೀಳುತ್ತದೆ. ಹರವಿದ ಮೊದಲ ಕೆಲವು ಗಂಟೆಗಳಲ್ಲೇ ನಷ್ಟ ಅತಿ ಹೆಚ್ಚು. ನಾಳೆ ಮಣ್ಣು ಎಳೆದರಾಯ್ತು ಅಂದರೆ ಮುಚ್ಚಲು ಉಳಿದಿರುವುದು ಕಡಿಮೆ.

ಮಣ್ಣೊಳಗೆ ಸೇರಿದ ಅಮೋನಿಯಂ ಅನ್ನು ಜೇಡಿ ಕಣ ಹಿಡಿದುಕೊಳ್ಳುತ್ತದೆ. ಹಾಗಾಗಿ ಸಂಜೆ ಹೊತ್ತು ಬಿಡುವುದು, ಸಾಲು ಬಿಡಿಸಿ ಬುಡದಲ್ಲಿ ಬಿಟ್ಟು ಆಗಲೇ ಮಣ್ಣು ಎಳೆಯುವುದು, ಇವೆರಡೇ ಅರ್ಧ ಕೆಲಸ ಮಾಡುತ್ತವೆ. ಬಗ್ಗಡ ಗಟ್ಟಿಯಾಗಿದ್ದರೆ ಅಷ್ಟೇ ನೀರು ಬೆರೆಸಿ ಬಿಡಿ, ಬೇಗ ಇಂಗುತ್ತದೆ. ಕೂಳೆ ಕಬ್ಬಿನವರಿಗೆ ಒಂದು ಮಾತು. ಸಾಲಿನ ಮೇಲೆ ತರಗು ಹೊದಿಸಿದ್ದರೆ ಅದರ ಮೇಲೆ ಬಗ್ಗಡ ಚೆಲ್ಲಬೇಡಿ. ಗುಂಡಿಯಲ್ಲಿ ಮಣ್ಣು ಮುಚ್ಚಿದ ತರಗಿನ ಕಥೆ ಬೇರೆ. ಇಲ್ಲಿ ಬಗ್ಗಡ ತರಗಿಗೆ ಅಂಟಿ ಮಣ್ಣು ಮುಟ್ಟದೆ ಬಿಸಿಲಲ್ಲಿ ಒಣಗುತ್ತದೆ. ತರಗನ್ನು ಒಂದು ಸಾಲಿಗೆ ಸರಿಸಿ, ಖಾಲಿ ಸಾಲಿಗೆ ಬಿಡಿ.

ಭತ್ತದ ಗದ್ದೆಯದು ಸ್ವಲ್ಪ ಸಿಕ್ಕು. ನಾಲೆ ನೀರಿನ ಜೊತೆ ಬಗ್ಗಡ ಬಿಟ್ಟರೆ ಹೊರುವ ಕಷ್ಟ ಇಲ್ಲ ಅಂತ ಬಹಳ ಜನ ಮಾಡುತ್ತಾರೆ. ಮಡಿಯ ಬಾಯಲ್ಲಿರುವ ಪೈರು ಎತ್ತರ ಬೆಳೆದು ಮಲಗುತ್ತದೆ, ಕೊನೆಯಲ್ಲಿರುವುದು ಹಳದಿಯಾಗೇ ಇರುತ್ತದೆ. ಅದು ಕಣ್ಣಿಗೆ ಕಾಣುವ ನಷ್ಟ. ಕಾಣದ್ದು ಇನ್ನೊಂದಿದೆ. ನಿಂತ ನೀರಲ್ಲಿ ಪಾಚಿ ಇರುತ್ತದೆ. ಬಿಸಿಲು ಬಿದ್ದಾಗ ಅದು ನೀರಿನ ಇಂಗಾಲದ ಡೈಆಕ್ಸೈಡ್ ತಿಂದುಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಗದ್ದೆ ನೀರಿನ ಪಿಎಚ್ 9 ದಾಟುವುದೂ ಉಂಟು. ಪಿಎಚ್ 9ರಲ್ಲಿ ಏನಾಗುತ್ತದೆ ಅಂತ ಮೇಲೆ ನೋಡಿದೆವಲ್ಲ. ನೀರಲ್ಲಿ ಕರಗಿದ ಅಮೋನಿಯಂ ಅಲ್ಲಿಂದಲೇ ಹೊರಡುತ್ತದೆ. ಯೂರಿಯಾ ಎರಚಿದರೂ ಇದೇ ಗತಿ.

ಇದರ ಮೇಲೆ ವಿಶ್ವೇಶ್ವರಯ್ಯ ನಾಲೆಯ ಕಟ್ಟು ಪದ್ಧತಿ. ಕೆಲವು ದಿನ ನೀರು, ಕೆಲವು ದಿನ ಇಲ್ಲ. ನೀರು ಆರಿದಾಗ ಮಣ್ಣಿಗೆ ಗಾಳಿ ಹೋಗಿ ಅಮೋನಿಯಂ ನೈಟ್ರೇಟ್ ಆಗುತ್ತದೆ. ಮತ್ತೆ ನೀರು ನಿಂತಾಗ ಗಾಳಿ ಇಲ್ಲದ ಕೆಸರಿನ ಜೀವಿಗಳು ಆ ನೈಟ್ರೇಟನ್ನು ಒಡೆದು ಸಾರಜನಕ ಅನಿಲ ಮಾಡಿ ಬಿಟ್ಟುಬಿಡುತ್ತವೆ. ಅದರಲ್ಲಿ ಸ್ವಲ್ಪ ನೈಟ್ರಸ್ ಆಕ್ಸೈಡ್ ಕೂಡ ಇರುತ್ತದೆ, ಅದು ಭೂಮಿ ಬಿಸಿಯಾಗಿಸುವ ಅನಿಲ. ನಾಲೆ ಸರದಿ ನಮ್ಮ ಕೈಲಿಲ್ಲ. ಕೈಲಿರುವುದು ಇಷ್ಟು: ನಾಟಿಗೆ ಮುಂಚೆ ಕೊನೆ ಕೆಸರು ಉಳುಮೆಯಲ್ಲೇ ಬಗ್ಗಡ ಹಾಕಿ ಕೆಸರಿನೊಳಗೆ ಬೆರೆಸುವುದು. ಆಮೇಲೆ ಕೊಡಬೇಕಾದರೆ ನೀರು ತೆಳ್ಳಗಿದ್ದಾಗ, ಸಂಜೆ, ಹಲವು ಸಲ ಸ್ವಲ್ಪ ಸ್ವಲ್ಪ.

ಹತ್ತು ಬಕೆಟ್ಟಿನಂತೆ ದಿನವೂ ಬರುವ ಗೊಬ್ಬರಕ್ಕೆ ದಿನವೂ ಊಟ ಕೇಳುವ ಬೆಳೆ ಬೇಕು. ಭತ್ತ, ರಾಗಿ ಹಾಗಲ್ಲ, ಅವಕ್ಕೆ ಹೊತ್ತು ಇದೆ. ನನ್ನ ಕೇಳಿದರೆ ತೊಟ್ಟಿಯ ಹೊರಬಾಯಿಯಿಂದ ತಗ್ಗಿಗೆ ಮೇವಿನ ನೇಪಿಯರ್ ಹುಲ್ಲು ಹಾಕುವುದೇ ಎಲ್ಲಕ್ಕಿಂತ ಜಾಣತನ. ಡೇರಿಗೆ ಹಾಲು ಹಾಕುವ ಮನೆಯಲ್ಲಿ ದಿನಾ ಒಂದು ಪಟ್ಟೆ ಕೊಯ್ಯುತ್ತಾರೆ. ಕೊಯ್ದ ಪಟ್ಟೆಗೆ ಅವತ್ತೇ ಕಾಲುವೆಯಲ್ಲಿ ಬಗ್ಗಡ ತಿರುಗಿಸಿದರೆ ಹೊರುವುದೂ ಇಲ್ಲ, ಗುಂಡಿಯಲ್ಲಿ ಕೂಡಿಡುವುದೂ ಇಲ್ಲ. ಆದರೆ ಒಂದೇ ಪಟ್ಟೆಗೆ ಸುರಿಯುತ್ತಾ ಹೋಗಬಾರದು. ಮೇವಿನಲ್ಲಿ ನೈಟ್ರೇಟ್ ಮಿತಿ ಮೀರಿದರೆ ಹಸುವಿಗೇ ಅಪಾಯ.

ಇಷ್ಟು ಹೊತ್ತೂ ಸಗಣಿಯ ಲೆಕ್ಕ ಆಯಿತು. ಗಂಜಲ? ಹಸು ಹೊರಗೆ ಹಾಕುವ ಸಾರಜನಕದಲ್ಲಿ ಹೆಚ್ಚು ಕಡಿಮೆ ಅರ್ಧ ಗಂಜಲದಲ್ಲೇ ಹೋಗುತ್ತದೆ. ಕೊಟ್ಟಿಗೆ ನೆಲದಲ್ಲಿ ಅದು ಸಗಣಿಗೆ ಸೋಕಿದ ಕೂಡಲೇ ಅದರ ಯೂರಿಯಾ ಅಮೋನಿಯಾ ಆಗಲು ಶುರುವಾಗುತ್ತದೆ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಕಣ್ಣು ಉರಿಸುವುದು ಅದೇ. ನೆಲಕ್ಕೆ ಗಾರೆ ಹಾಕಿ, ಸ್ವಲ್ಪ ಇಳಿಜಾರು ಕೊಟ್ಟು, ಗಂಜಲವನ್ನು ತೊಟ್ಟಿಯ ಕಲಸುವ ಬಾಯಿಗೇ ತಿರುಗಿಸಿದರೆ ಕಲಸುವ ನೀರೂ ಒಂದಷ್ಟು ಉಳಿಯುತ್ತದೆ. ಬಗ್ಗಡದ ಗುಂಡಿಗೆ ಖರ್ಚು ಮಾಡುವ ಮುಂಚೆ ಇದಕ್ಕೆ ಖರ್ಚು ಮಾಡಿ ಅನ್ನುತ್ತೇನೆ. ಕಳೆದುಕೊಳ್ಳುತ್ತಿರುವುದು ಇಲ್ಲೇ ಜಾಸ್ತಿ.

ಹೀಗೆ ಉಳಿಸಿದ ಮೇಲೆ ಯೂರಿಯಾ ಕಡಿಮೆ ಮಾಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಬಗ್ಗಡವೂ ಹೋಯಿತು, ಎಂದಿನ ಯೂರಿಯಾವೂ ಹೋಯಿತು ಅಂದರೆ ಹೆಚ್ಚಿನದನ್ನು ಪೈರು ತಿನ್ನುವುದಿಲ್ಲ, ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣು ಹಿಡಿದಿಡುವುದೂ ಇಲ್ಲ. ಅದು ನೈಟ್ರೇಟ್ ಆಗಿ ಕೆಳಗೆ ಇಳಿಯುತ್ತದೆ. ಭತ್ತಕ್ಕೆ ಎಕರೆಗೆ ಸುಮಾರು 40 ಕೆಜಿ ಸಾರಜನಕ ಬೇಕು. ಅರ್ಧ ಎಕರೆಗೆ ವರ್ಷದ ಬಗ್ಗಡದಲ್ಲಿ ಕಾಲು ಭಾಗ ಹೋಗಿದ್ದರೆ ಅದೇ 15 ಕೆಜಿ. ಅದೆಲ್ಲ ಅದೇ ಬೆಳೆಗೆ ಸಿಗುವುದಿಲ್ಲ. ಚೆನ್ನಾಗಿ ಮಣ್ಣಿಗೆ ಸೇರಿಸಿದ್ದರೆ ಬೇಗ ಸಿಗುವ ಕಾಲು ಭಾಗ, ಅಂದರೆ 4 ಕೆಜಿಗೆ ಸ್ವಲ್ಪ ಕಡಿಮೆಯನ್ನು ಈ ಬೆಳೆಯ ಲೆಕ್ಕಕ್ಕೆ ಹಿಡಿಯಬಹುದು. ಅಷ್ಟಕ್ಕೆ 8 ಕೆಜಿ ಯೂರಿಯಾ ಕಡಿಮೆ ಹಾಕಿ. ನಿಖರ ಬೇಕಿದ್ದರೆ ಮಣ್ಣು, ಬಗ್ಗಡ ಎರಡನ್ನೂ ಪರೀಕ್ಷೆ ಮಾಡಿಸಬೇಕು. ಮಂಡ್ಯದವರಿಗೆ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಹತ್ತಿರವೇ ಇದೆ, ಹೋಗಿ ವಿಚಾರಿಸಿ.

ಕಬ್ಬಿಗೆ ಮಾತ್ರ ಒಂದು ಗಡುವು ಇದೆ. ನಾಲ್ಕೈದು ತಿಂಗಳಾದ ಮೇಲೆ ಬಗ್ಗಡ ಕೊಡುವುದನ್ನು ನಿಲ್ಲಿಸಿ. ತಡವಾಗಿ ಸಾರಜನಕ ಸಿಕ್ಕರೆ ಕಬ್ಬು ಬೆಳೆಯುತ್ತಲೇ ಇರುತ್ತದೆ, ಮಾಗುವುದಿಲ್ಲ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಕಡಿಮೆಯಾಗುತ್ತದೆ, ಬೆಲ್ಲ ಕಪ್ಪಗೆ, ಮೆತ್ತಗೆ ಬರುತ್ತದೆ. ಆಲೆಮನೆಯವರು ಅಚ್ಚು ಬಿಡಿಸುವಾಗಲೇ ಹೇಳಿಬಿಡುತ್ತಾರೆ, ಈ ಕಬ್ಬಿಗೆ ಗೊಬ್ಬರ ಜಾಸ್ತಿ ಬಿದ್ದಿದೆ ಅಂತ. ಆ ತಿಂಗಳುಗಳ ಬಗ್ಗಡ ಹಿಪ್ಪುನೇರಳೆಗೆ, ತೆಂಗಿಗೆ, ಇಲ್ಲವೇ ತರಗಿನ ಗುಂಡಿಗೆ ಹೋಗಲಿ.